ತಂತಿಯ ಗುಣ ಎರಕದಲ್ಲಿ: ಅಲ್ಯೂಮಿನಿಯಂ ವಾಹಕದ ಒಳಗತೆ
(ದತ್ತಿ ಉಪನ್ಯಾಸದ ಪಠ್ಯ)



ಈ ಸಭಾಂಗಣದ ದೀಪ ಉರಿಸುತ್ತಿರುವ ವಿದ್ಯುತ್ತು ಜಲಾಶಯದಿಂದಲೋ ಕಲ್ಲಿದ್ದಲ ಸ್ಥಾವರದಿಂದಲೋ ಇಲ್ಲಿಗೆ ಬರುವಾಗ ದಾರಿಯ ಬಹುಪಾಲನ್ನು ಅಲ್ಯೂಮಿನಿಯಂ ತಂತಿಯ ಮೇಲೆ ಸವೆಸಿದೆ. ನಮ್ಮ ಲೈನ್‌ಮನ್‌ಗಳು ಆ ತಂತಿಗಳನ್ನು ಪ್ರಾಣಿಗಳ ಹೆಸರಿನಿಂದ ಗುರುತಿಸುತ್ತಾರೆ. ಊರೊಳಗಿನ ಲೈನಿಗೆ ವೀಸಲ್, ರಾಬಿಟ್. ಸಬ್‌ಸ್ಟೇಷನ್ನಿನಿಂದ ಹೊರಡುವ ಫೀಡರಿಗೆ ಕೊಯೋಟ್. ದೊಡ್ಡ ಟವರುಗಳ ಮೇಲೆ ಪ್ಯಾಂಥರ್, ಝೀಬ್ರಾ, ಮೂಸ್. ರಾಬಿಟ್ ಎಂದರೆ 3.35 ಮಿ.ಮೀ. ದಪ್ಪದ ಆರು ಅಲ್ಯೂಮಿನಿಯಂ ಎಳೆಗಳು, ನಡುವೆ ಅಷ್ಟೇ ದಪ್ಪದ ಒಂದು ಉಕ್ಕಿನ ಎಳೆ. ಝೀಬ್ರಾದಲ್ಲಿ 3.18 ಮಿ.ಮೀ. ದಪ್ಪದ 54 ಅಲ್ಯೂಮಿನಿಯಂ ಎಳೆಗಳಿರುತ್ತವೆ, ಒಳಗೆ ಏಳು ಉಕ್ಕಿನ ಎಳೆಗಳು.

ತಂತಿಯ ಗುಣ ತಂತಿ ಎಳೆಯುವ ಯಂತ್ರದಲ್ಲಿ ಹುಟ್ಟುತ್ತದೆ ಎಂಬ ಭಾವನೆ ನಮ್ಮ ಕ್ಷೇತ್ರದಲ್ಲೇ ಸಾಕಷ್ಟು ಜನರಿಗಿದೆ. ಅದಕ್ಕೂ ಬಹಳ ಮುಂಚೆ, ಕರಗಿದ ಲೋಹ ಗಟ್ಟಿಯಾಗುವ ಆ ಕೆಲವು ಸೆಕೆಂಡುಗಳಲ್ಲಿ, ಹೆಚ್ಚಿನ ತೀರ್ಮಾನ ಆಗಿಹೋಗಿರುತ್ತದೆ ಎಂಬುದು ಇವತ್ತಿನ ನನ್ನ ಮಾತಿನ ತಿರುಳು. ಇದರ ಜೊತೆ ಇನ್ನೊಂದು ಸಂಗತಿಯಿದೆ. ಅಲ್ಯೂಮಿನಿಯಮ್ಮಿನಲ್ಲಿ ಬೇರೆ ಧಾತು ಎಷ್ಟಿದೆ ಎಂದು ಪ್ರಯೋಗಾಲಯದ ವರದಿ ಹೇಳುತ್ತದೆ. ಅದು ಲೋಹದೊಳಗೆ ಎಲ್ಲಿ ಕೂತಿದೆ ಎಂದು ಆ ವರದಿ ಹೇಳುವುದಿಲ್ಲ. ತಂತಿಯ ಮಟ್ಟಿಗೆ ಈ ಎರಡನೆಯದೇ ದೊಡ್ಡ ಪ್ರಶ್ನೆ.

ಮೊದಲು ಅಳತೆಗೋಲು. 1913ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಕಮಿಷನ್, ಕಾಯಿಸಿ ಮೆದುಗೊಳಿಸಿದ ತಾಮ್ರದ ವಾಹಕತೆಯನ್ನು 100 ಎಂದು ಗೊತ್ತುಮಾಡಿತು. ಆ ಲೆಕ್ಕದಲ್ಲಿ ಅತಿ ಶುದ್ಧ ಅಲ್ಯೂಮಿನಿಯಂ ಸುಮಾರು 65. ಲೈನಿಗೆ ಹೋಗುವ, 99.5 ಪ್ರತಿಶತ ಶುದ್ಧಿಯ ಇ.ಸಿ. (ಎಲೆಕ್ಟ್ರಿಕಲ್ ಕಂಡಕ್ಟರ್) ದರ್ಜೆಯ ತಂತಿ 61. ತಾಮ್ರದಷ್ಟೇ ರೋಧ ಬೇಕೆಂದರೆ ಅಲ್ಯೂಮಿನಿಯಂ ತಂತಿಯ ಅಡ್ಡಕೊಯ್ತ 1.6 ಪಟ್ಟು ದೊಡ್ಡದಿರಬೇಕು. ಆದರೂ ಅದರ ತೂಕ ತಾಮ್ರದ ಅರ್ಧದಷ್ಟೇ. ಕಂಬದಿಂದ ಕಂಬಕ್ಕೆ ತೂಗುವ ತಂತಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ತೊಂದರೆಯಿರುವುದು ಬಲದಲ್ಲಿ. ಶುದ್ಧ ಅಲ್ಯೂಮಿನಿಯಂ ಮೆತ್ತಗಿನ ಲೋಹ. ಅದಕ್ಕಾಗಿ ಅಮೆರಿಕದ ಅಲ್ಕೋವಾ ಕಂಪನಿಯ ವಿಲಿಯಂ ಹೂಪ್ಸ್ 1900ರ ದಶಕದ ಕೊನೆಯಲ್ಲಿ ನಡುವೆ ಉಕ್ಕಿನ ಎಳೆ ಸೇರಿಸುವ ಉಪಾಯ ಮಾಡಿದರು. ಎ.ಸಿ.ಎಸ್.ಆರ್. ಎಂದು ನಾವು ಕರೆಯುವುದು ಅದನ್ನೇ. ನಮ್ಮ ದೇಶದಲ್ಲಿ ಕೇರಳದ ಕುಂಡರದ ಅಲಿಂಡ್ ಕಾರ್ಖಾನೆ 1940ರ ದಶಕದಲ್ಲೇ ಇಂಥ ತಂತಿಯ ಕೆಲಸಕ್ಕೆ ಇಳಿಯಿತು. ನಮ್ಮ ಬೆಳಗಾವಿಯಲ್ಲಿ ಒಂದು ಕಾಲಕ್ಕೆ ಬಾಕ್ಸೈಟಿನಿಂದ ಅಲ್ಯೂಮಿನಾ, ಅಲ್ಯೂಮಿನಾದಿಂದ ಲೋಹ ಎರಡೂ ಆಗುತ್ತಿದ್ದವು. ಈಗ ಅಲ್ಲಿ ಉಳಿದಿರುವುದು ಅಲ್ಯೂಮಿನಾ ಮಾತ್ರ.

ಅರುವತ್ತೊಂದು ಅರುವತ್ತಕ್ಕೆ ಇಳಿದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಅದೇ ದಪ್ಪದ ತಂತಿಯಲ್ಲಿ ಅದೇ ಕರೆಂಟು ಹರಿದಾಗ ಬಿಸಿಯಾಗಿ ಸೋರಿಹೋಗುವ ವಿದ್ಯುತ್ತು ಸುಮಾರು 1.7 ಪ್ರತಿಶತ ಹೆಚ್ಚುತ್ತದೆ. ತಂತಿ ಕಂಬದ ಮೇಲಿರುವಷ್ಟು ವರ್ಷವೂ, ಹಗಲೂ ರಾತ್ರಿ, ಆ ನಷ್ಟ ನಡೆಯುತ್ತಲೇ ಇರುತ್ತದೆ. ಲೈನಿನ ಕೊನೆಯಲ್ಲಿ ಟ್ರಾನ್ಸ್‌ಫಾರ್ಮರಿನಿಂದ ದೂರ ಪಂಪ್‌ಸೆಟ್ ಇರುವ ರೈತನಿಗೆ ಅದು ವೋಲ್ಟೇಜ್ ಇಳಿಕೆಯಾಗಿ ತಲುಪುತ್ತದೆ. ಒಂದು ಅಂಕಕ್ಕೆ ಇಷ್ಟು ಬೆಲೆಯಿದೆ.

ಈ ಒಂದು ಅಂಕ ಎಲ್ಲಿ ಕಳೆದುಹೋಗುತ್ತದೆ? ಅಲ್ಯೂಮಿನಿಯಂ ಪರಮಾಣುಗಳು ಸಾಲಾಗಿ, ಕ್ರಮವಾಗಿ ಜೋಡಣೆಗೊಂಡಿರುತ್ತವೆ. ಎಲೆಕ್ಟ್ರಾನುಗಳು ಆ ಕ್ರಮದ ನಡುವೆ ಸಲೀಸಾಗಿ ಸಾಗುತ್ತವೆ. ಸಾಲಿನಲ್ಲಿ ಒಂದು ಕಡೆ ಕಬ್ಬಿಣದ ಅಥವಾ ಟೈಟಾನಿಯಮ್ಮಿನ ಪರಮಾಣು ಬಂದು ಕೂತರೆ ಸುತ್ತಲಿನ ಸಾಲು ಸೊಟ್ಟಗಾಗುತ್ತದೆ, ಎಲೆಕ್ಟ್ರಾನು ಅಲ್ಲಿ ದಿಕ್ಕು ತಪ್ಪುತ್ತದೆ. ಹೀಗೆ ಬಿಡಿಬಿಡಿಯಾಗಿ ಹರಡಿಕೊಂಡಿರುವ ಸ್ಥಿತಿಗೆ ಘನದ್ರಾವಣ ಎನ್ನುತ್ತೇವೆ. ಅದೇ ಕಬ್ಬಿಣದ ಪರಮಾಣುಗಳು ಒಂದೆಡೆ ಸೇರಿ, ಅಲ್ಯೂಮಿನಿಯಂ ಜೊತೆ ಕೂಡಿ ಪ್ರತ್ಯೇಕ ಕಣವಾದರೆ, ಉಳಿದ ಸಾಲುಗಳು ಮತ್ತೆ ನೇರವಾಗುತ್ತವೆ. ಎಲೆಕ್ಟ್ರಾನಿಗೆ ದಾರಿ ಸಿಗುತ್ತದೆ.

ಇದರ ಪ್ರಮಾಣ ಕೇಳಿದರೆ ಆಶ್ಚರ್ಯವಾಗುತ್ತದೆ. ಶುದ್ಧ ಅಲ್ಯೂಮಿನಿಯಂನ ರೋಧಕತೆ 2.65 ಮೈಕ್ರೋಓಂ ಸೆಂಟಿಮೀಟರ್. ತೂಕದಲ್ಲಿ ನೂರಕ್ಕೆ ಒಂದು ಪಾಲು ಕಬ್ಬಿಣ ದ್ರಾವಣದಲ್ಲಿದ್ದರೆ ಅದಕ್ಕೆ 2.56 ಸೇರುವ ಲೆಕ್ಕ. ಅಷ್ಟೇ ಕಬ್ಬಿಣ ಕಣಗಳಾಗಿ ಹೊರಬಂದಿದ್ದರೆ ಸೇರುವುದು 0.058 ಮಾತ್ರ. ನಲವತ್ತು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ! ಟೈಟಾನಿಯಂಗೆ ಈ ಅಂಕಿಗಳು 2.88 ಮತ್ತು 0.12. ವೆನೇಡಿಯಂಗೆ 3.58 ಮತ್ತು 0.28. ಕ್ರೋಮಿಯಂ ಎಲ್ಲಕ್ಕಿಂತ ಕೆಟ್ಟದ್ದು, ದ್ರಾವಣದಲ್ಲಿದ್ದರೆ 4. ಸಿಲಿಕಾನ್ 1.02, ಮೆಗ್ನೀಸಿಯಂ 0.54, ಇವು ಕೊಂಚ ಸಾಧು ಧಾತುಗಳು. ವಿದ್ಯಾರ್ಥಿಗಳು ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ನಾನು ಹೇಳುವ ಪ್ರತಿಯೊಂದೂ ಇವುಗಳಿಂದಲೇ ಹೊರಡುತ್ತದೆ.

ಟೈಟಾನಿಯಂ, ವೆನೇಡಿಯಂ ನಾವು ಬೇಕೆಂದು ಹಾಕಿದವಲ್ಲ. ಬಾಕ್ಸೈಟಿನ ಜೊತೆ ಬರುತ್ತವೆ. ವಿದ್ಯುದ್ವಿಭಜನೆಯ ಕೋಶದಲ್ಲಿ ಆನೋಡಿಗೆ ಬಳಸುವ ಪೆಟ್ರೋಲಿಯಂ ಕೋಕಿನಿಂದಲೂ ವೆನೇಡಿಯಂ ಬರುತ್ತದೆ. ಇ.ಸಿ. ದರ್ಜೆಗೆ ಇವೆರಡೂ ಸೇರಿ 0.02 ಪ್ರತಿಶತ ಮೀರುವಂತಿಲ್ಲ. ಇವನ್ನು ತೆಗೆಯುವ ಉಪಾಯ ಬಹಳ ಜಾಣತನದ್ದು. ಕರಗಿದ ಲೋಹಕ್ಕೆ ಬೋರಾನ್ ಇರುವ ಮಾಸ್ಟರ್ ಅಲಾಯ್ ಸೇರಿಸುತ್ತಾರೆ. ಬೋರಾನ್ ಟೈಟಾನಿಯಂ, ವೆನೇಡಿಯಂ, ಕ್ರೋಮಿಯಂಗಳನ್ನು ಹುಡುಕಿ ಹಿಡಿದು ಬೋರೈಡ್ ಆಗುತ್ತದೆ. ಬೋರೈಡ್ ಅಲ್ಯೂಮಿನಿಯಂಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅದಕ್ಕೆ ಸಮಯ ಕೊಡಬೇಕು. ಬೋರಾನ್ ಹಾಕಿದ ತಕ್ಷಣ ಎರಕ ಹೊಯ್ದರೂ ವಾಹಕತೆಯ ಪರೀಕ್ಷೆಯಲ್ಲಿ ತಂತಿ ಪಾಸಾಗುತ್ತದೆ, ಏಕೆಂದರೆ ಕಲ್ಮಶ ದ್ರಾವಣದಿಂದ ಹೊರಬಂದಾಗಿದೆ. ಆದರೆ ಬೋರೈಡಿನ ಗಟ್ಟಿ ಕಣಗಳು ರಾಡಿನಲ್ಲೇ ಉಳಿದು, ಮುಂದೆ ಸಣ್ಣ ತಂತಿ ಎಳೆಯುವಾಗ ಡೈಯಲ್ಲಿ (ತಂತಿ ಎಳೆಯುವ ಅಚ್ಚಿನಲ್ಲಿ) ತಂತಿಯನ್ನು ಪಟಕ್ಕನೆ ತುಂಡರಿಸುತ್ತವೆ. ಉತ್ಪಾದನೆಯ ಒತ್ತಡದಲ್ಲಿ ಕುಲುಮೆಯ ಹಿಡಿದಿಡುವ ಹೊತ್ತನ್ನು ಕತ್ತರಿಸುವ ಅಭ್ಯಾಸವನ್ನು ನಾನು ಕಂಡಿದ್ದೇನೆ. ಉಳಿಸಿದ ಹೊತ್ತೆಲ್ಲ ತಂತಿ ಕಡಿತದಲ್ಲಿ ಬಡ್ಡಿ ಸಮೇತ ಹೋಗುತ್ತದೆ.

ಈಗ ಎರಕಕ್ಕೆ ಬರೋಣ. ಎರಡನೆಯ ಮಹಾಯುದ್ಧದ ಕಾಲದವರೆಗೆ ಅಲ್ಯೂಮಿನಿಯಮ್ಮನ್ನು ಅಚ್ಚುಗಳಲ್ಲಿ ಉದ್ದನೆಯ ಬಾರ್‌ಗಳಾಗಿ ಎರಕ ಹೊಯ್ದು, ತಣಿಸಿ, ಮತ್ತೆ ಕಾಯಿಸಿ, ರೋಲಿಂಗ್ ಮಾಡಿ ರಾಡ್ ಮಾಡುತ್ತಿದ್ದರು. ಪ್ರತಿ ಬಾರ್‌ಗೂ ಎರಡು ತುದಿ, ತುದಿಗೆ ತುದಿ ಬೆಸುಗೆ, ಬೆಸುಗೆಯಲ್ಲಿ ದೌರ್ಬಲ್ಯ. ಇಟಲಿಯ ಇಲಾರಿಯೊ ಪ್ರಾಪರ್ಜಿ 1940ರ ದಶಕದ ಕೊನೆಯಲ್ಲಿ ಈ ಪದ್ಧತಿಯನ್ನೇ ಬದಲಿಸಿದರು. ಅಂಚಿನಲ್ಲಿ ತೋಡಿರುವ ದೊಡ್ಡ ತಾಮ್ರದ ಚಕ್ರ ತಿರುಗುತ್ತಿರುತ್ತದೆ. ಆ ತೋಡನ್ನು ಉಕ್ಕಿನ ಪಟ್ಟಿಯೊಂದು ಮುಚ್ಚಿಕೊಂಡು ಜೊತೆಯಲ್ಲೇ ಸಾಗುತ್ತದೆ. ನಡುವಿನ ಜಾಗಕ್ಕೆ 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಲೋಹವನ್ನು ಹೊಯ್ಯುತ್ತಾರೆ, ಚಕ್ರಕ್ಕೂ ಪಟ್ಟಿಗೂ ಹೊರಗಿನಿಂದ ನೀರು ಚಿಮ್ಮಿಸುತ್ತಾರೆ. ಚಕ್ರ ಒಂದು ಸುತ್ತು ಮುಗಿಸುವ ಮೊದಲೇ ಲೋಹ ಗಟ್ಟಿಯಾಗಿ ಕೊನೆಯಿಲ್ಲದ ಬಾರ್ ಆಗಿ ಮೇಲೇಳುತ್ತದೆ. ತಣಿಯಲು ಬಿಡದೆ, ಸುಮಾರು 500 ಡಿಗ್ರಿ ಬಿಸಿಯಲ್ಲೇ ಅದು ರೋಲಿಂಗ್ ಮಿಲ್ಲಿಗೆ ಹೊಕ್ಕು, 9.5 ಮಿ.ಮೀ. ದಪ್ಪದ ರಾಡ್ ಆಗಿ ಕಾಯಿಲ್ ಸುತ್ತಿಕೊಳ್ಳುತ್ತದೆ. ನಮ್ಮ ಕಾರ್ಖಾನೆಗಳಲ್ಲಿ ಇಂದಿಗೂ ‘ಪ್ರಾಪರ್ಜಿ ರಾಡ್’ ಎಂದೇ ಹೆಸರು.

ಆಲೆಮನೆ ಕಂಡವರಿಗೆ ಇದರ ಒಳಗುಟ್ಟು ಬೇಗ ತಿಳಿಯುತ್ತದೆ. ಒಂದೇ ಕೊಪ್ಪರಿಗೆಯ ಪಾಕ. ಎಷ್ಟು ಬಿಸಿಯಲ್ಲಿ ಇಳಿಸಿದರು, ಎಷ್ಟು ಬೇಗ ಆರಿತು ಎಂಬುದರ ಮೇಲೆ ಬೆಲ್ಲ ಹರಳುಹರಳಾಗಬಹುದು, ಅಂಟಂಟಾಗಬಹುದು. ಅಲ್ಯೂಮಿನಿಯಮ್ಮಿನಲ್ಲೂ ಗಟ್ಟಿಯಾಗುವಾಗ ಮೊದಲು ಶುದ್ಧ ಲೋಹ ಗಿಡದ ಕೊಂಬೆಗಳಂತೆ ಕವಲೊಡೆದು ಬೆಳೆಯುತ್ತದೆ. ಕಬ್ಬಿಣ, ಸಿಲಿಕಾನ್‌ಗಳು ಉಳಿದ ದ್ರವಕ್ಕೆ ತಳ್ಳಲ್ಪಟ್ಟು, ಕವಲುಗಳ ಸಂದಿಯಲ್ಲಿ ಕೊನೆಗೆ ಗಟ್ಟಿಯಾಗುತ್ತವೆ. ನಿಧಾನವಾಗಿ ತಣಿದರೆ ಕವಲುಗಳ ಅಂತರ ದೊಡ್ಡದು, ಸಂದಿಯ ಕಣಗಳು ಒರಟು, ಸೂಜಿಯಂತೆ ಚೂಪು. ಬೇಗ ತಣಿದರೆ ಅಂತರ ಕಿರಿದು, ಕಣಗಳು ಸಣ್ಣವು, ಎಲ್ಲೆಡೆ ಹರಡಿರುತ್ತವೆ. ತಂತಿಯ ಬಲಕ್ಕೂ ಎಳೆಯುವಾಗ ತುಂಡಾಗದಿರುವುದಕ್ಕೂ ಎರಡನೆಯದೇ ಒಳ್ಳೆಯದು.

ಹಾಗಾದರೆ ಆದಷ್ಟೂ ಬೇಗ ತಣಿಸಿಬಿಡೋಣವೇ? ಇಲ್ಲೇ ಸಿಕ್ಕು ಇರುವುದು. ಗಟ್ಟಿ ಅಲ್ಯೂಮಿನಿಯಮ್ಮಿನಲ್ಲಿ ಕಬ್ಬಿಣ ಕರಗುವುದು 655 ಡಿಗ್ರಿಯಲ್ಲಿ 0.05 ಪ್ರತಿಶತ ಮಾತ್ರ, ಕೋಣೆಯ ಬಿಸಿಯಲ್ಲಿ ಇಲ್ಲವೆಂದೇ ಹೇಳಬೇಕು. ನೀರು ಜೋರಾಗಿ ಬಿಟ್ಟು ಥಟ್ಟನೆ ತಣಿಸಿದರೆ ಆ ಕಬ್ಬಿಣಕ್ಕೆ ಹೊರಬರುವ ವ್ಯವಧಾನವೇ ಸಿಗದೆ ಸಾಲುಗಳಲ್ಲೇ ಸಿಕ್ಕಿಬೀಳುತ್ತದೆ. 0.03 ಪ್ರತಿಶತದಷ್ಟು ಹೀಗೆ ಸಿಕ್ಕಿಬಿದ್ದರೂ ಒಂದು ಅಂಕಕ್ಕಿಂತ ಹೆಚ್ಚು ವಾಹಕತೆ ಹೋಯಿತು. ಪ್ರಯೋಗಾಲಯ ಎರಡು ರಾಡುಗಳಲ್ಲೂ ಕಬ್ಬಿಣ ಒಂದೇ ಎಂದು ಬರೆದುಕೊಡುತ್ತದೆ, ಒಂದು ಪಾಸು, ಇನ್ನೊಂದು ಫೇಲು. ಪುಣ್ಯಕ್ಕೆ ರೋಲಿಂಗ್ ಬಿಸಿಯಲ್ಲೇ ನಡೆಯುತ್ತದೆ. ಬಾರ್ ಮಿಲ್ಲಿಗೆ ಹೋಗುವ ಬಿಸಿ, ಮಿಲ್ಲಿನಲ್ಲಿ ಸುರಿಯುವ ಎಮಲ್ಷನ್ನಿನ ಪ್ರಮಾಣ, ರಾಡ್ ಹೊರಬರುವ ಬಿಸಿ, ಇವನ್ನು ಹದವಾಗಿಟ್ಟರೆ ಸಿಕ್ಕಿಬಿದ್ದ ಕಬ್ಬಿಣ ಒಂದಿಷ್ಟು ಹೊರಬರುತ್ತದೆ. ಚಕ್ರದ ನೀರಿನ ವಾಲ್ವ್ ತಿರುಗಿಸುವ ಆಪರೇಟರ್ ಕೈಯಲ್ಲಿ ತಂತಿಯ ವಾಹಕತೆಯೂ ಇದೆ ಎಂದು ಆತನಿಗೆ ಯಾರಾದರೂ ತಿಳಿಸಿ ಹೇಳಿರುವ ಕಾರ್ಖಾನೆಗಳು ಕಡಿಮೆ. ಇದು ನನಗೆ ಬಹಳ ಬೇಸರದ ವಿಷಯ.

ಚಕ್ರದಿಂದ ಬಾರ್ ಮೇಲೇಳುವಾಗ ಬಾಗಿದ್ದದ್ದು ನೆಟ್ಟಗಾಗಬೇಕು. ಆಗ ನಡುಭಾಗ ಇನ್ನೂ ಹಸಿಯಾಗಿದ್ದರೆ ಬಿರುಕು ಬಿಡುತ್ತದೆ. ಆ ಬಿರುಕು ರೋಲಿಂಗಿನಲ್ಲಿ ಮುಚ್ಚಿದಂತೆ ಕಂಡರೂ ಡೈಯಲ್ಲಿ ಹೊರಗೆ ಬರುತ್ತದೆ. ತುಂಡಾದ ತುದಿಯನ್ನು ಕೈಯಲ್ಲಿ ಹಿಡಿದು ನೋಡಿ, ಒಂದು ಕಡೆ ಬಟ್ಟಲಿನಂತೆ ಗುಳಿ, ಇನ್ನೊಂದು ಕಡೆ ಮೊನೆ ಇದ್ದರೆ ತಪ್ಪನ್ನು ಡೈಯಲ್ಲಿ ಹುಡುಕುವ ಮುಂಚೆ ಬಾರ್‌ನ ನಡುಭಾಗವನ್ನು ನೋಡಬೇಕು.

ಹೈಡ್ರೋಜನ್ ಇನ್ನೊಂದು ತೊಂದರೆ. ದ್ರವ ಅಲ್ಯೂಮಿನಿಯಂ ನೀರಿನ ಹಬೆಯನ್ನು ಒಡೆದು ಹೈಡ್ರೋಜನ್ನನ್ನು ಹೀರಿಕೊಳ್ಳುತ್ತದೆ. ಗಟ್ಟಿಯಾದಾಗ ಅದನ್ನು ಇಟ್ಟುಕೊಳ್ಳುವ ಶಕ್ತಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಿಕ್ಕದ್ದು ಗುಳ್ಳೆಯಾಗುತ್ತದೆ. ಮಳೆಗಾಲದಲ್ಲಿ, ಅಂಗಳದಲ್ಲಿ ನೆನೆದ ಇಂಗಾಟುಗಳನ್ನು ಒಣಗಿಸದೆ ಕುಲುಮೆಗೆ ಹಾಕಿದಾಗ ತಂತಿ ಕಡಿತ ಏಕೆ ಹೆಚ್ಚುತ್ತದೆ ಎಂಬುದಕ್ಕೆ ಇದೇ ಉತ್ತರ. ನೆನೆದ ಲೋಹ ಕುಲುಮೆಯಲ್ಲಿ ಸ್ಫೋಟಿಸಿ ಜೀವಕ್ಕೂ ಅಪಾಯ. ಆರ್ಗಾನ್ ಅಥವಾ ನೈಟ್ರೋಜನ್ ಊದಿ ಅನಿಲ ತೆಗೆಯುವುದು, ಸೆರಾಮಿಕ್ ಸೋಸಿಗೆಯಲ್ಲಿ ಆಕ್ಸೈಡ್ ಪೊರೆಗಳನ್ನು ಹಿಡಿಯುವುದು ಇವತ್ತು ಎಲ್ಲ ಕಡೆ ತಿಳಿದ ವಿಧಾನಗಳು.

ಹರಳುಗಳನ್ನು ಸಣ್ಣದಾಗಿಸಲು ಟೈಟಾನಿಯಂ–ಬೋರಾನ್ ರಾಡ್ ಹಾಕುವ ಪದ್ಧತಿಯೂ ಇದೆ. ಈ ಬಗೆಯ ಕೆಲಸದಲ್ಲಿ ಬಿ. ಎಸ್. ಮೂರ್ತಿ, ಎಸ್. ಎ. ಕೋರಿ, ಎಂ. ಚಕ್ರವರ್ತಿ ಅವರು 2002ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನವನ್ನು ಜಗತ್ತಿನ ಎಲ್ಲ ಕಡೆ ಓದುತ್ತಾರೆ. ಕೋರಿಯವರು ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸಿದವರು ಎಂಬುದು ಇಲ್ಲಿರುವ ವಿದ್ಯಾರ್ಥಿಗಳಿಗೆ ಗೊತ್ತಿರಲಿ. ಆದರೆ ವಾಹಕ ತಂತಿಯಲ್ಲಿ ಈ ಔಷಧ ಎಚ್ಚರದ್ದು. ಬೋರಾನಿಗೆ ಸಿಗದೆ ಮಿಕ್ಕ ಟೈಟಾನಿಯಂ ನೇರ ದ್ರಾವಣಕ್ಕೆ ಹೋಗುತ್ತದೆ, 2.88ರ ದಂಡ ತೆರಬೇಕಾಗುತ್ತದೆ.

ತಂತಿ ಎಳೆಯುವುದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. 9.5 ಮಿ.ಮೀ. ರಾಡನ್ನು 3.18ಕ್ಕೆ ಎಳೆದರೆ ಅಡ್ಡಕೊಯ್ತ ಸುಮಾರು 89 ಪ್ರತಿಶತ ಇಳಿಯುತ್ತದೆ, ಬಲ ಎರಡು ಪಟ್ಟಿಗೆ ಹತ್ತಿರ ಏರುತ್ತದೆ, ವಾಹಕತೆ ಮಾತ್ರ ಹೆಚ್ಚೇನೂ ಕೆಡುವುದಿಲ್ಲ. ಇದು ಪ್ರಕೃತಿ ನಮಗೆ ಕೊಟ್ಟ ರಿಯಾಯಿತಿ.

ನನಗೆ ಅತ್ಯಂತ ಪ್ರೀತಿಯ ವಿಷಯಕ್ಕೆ ಈಗ ಬಂದೆ: ಅಲ್ಯೂಮಿನಿಯಂ, ಮೆಗ್ನೀಸಿಯಂ, ಸಿಲಿಕಾನ್ ಮಿಶ್ರಲೋಹ. ಫ್ರಾನ್ಸಿನಲ್ಲಿ ಇದು 1920ರ ದಶಕದಲ್ಲಿ ಅಲ್ಮೆಲೆಕ್ ಎಂಬ ಹೆಸರಿನಲ್ಲಿ ಬಂತು. ನಮ್ಮಲ್ಲಿ ಇದರ ತಂತಿಗೆ ಎ.ಎ.ಎ.ಸಿ. ಎಂದು ಹೆಸರು, ಭಾರತೀಯ ಮಾನಕ ಐ.ಎಸ್. 398ರ ನಾಲ್ಕನೆಯ ಭಾಗ ಇದಕ್ಕೆ ಮೀಸಲು. ಉಕ್ಕಿನ ಎಳೆಯೇ ಬೇಡ, ಪೂರ್ತಿ ಮಿಶ್ರಲೋಹದ್ದೇ ತಂತಿ. ಮೆಗ್ನೀಸಿಯಂ ಮತ್ತು ಸಿಲಿಕಾನ್ ತಲಾ ಅರ್ಧದಿಂದ 0.9 ಪ್ರತಿಶತದವರೆಗೆ. 530 ಡಿಗ್ರಿ ಸುಮಾರಿಗೆ ಕಾಯಿಸಿದಾಗ ಎರಡೂ ದ್ರಾವಣಕ್ಕೆ ಇಳಿಯುತ್ತವೆ. ಥಟ್ಟನೆ ನೀರಿನಲ್ಲಿ ಅದ್ದಿದರೆ ಅಲ್ಲೇ ಬಂದಿಯಾಗುತ್ತವೆ. ಆಗ ವಾಹಕತೆ ಕೆಳಗಿರುತ್ತದೆ. ತಂತಿ ಎಳೆದು, 160 ಡಿಗ್ರಿ ಆಸುಪಾಸಿನಲ್ಲಿ ಕೆಲವು ತಾಸು ಇಟ್ಟರೆ ಎರಡೂ ಕೂಡಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹೊರಬರುತ್ತವೆ. ಆ ಕಣಗಳು ಲೋಹದ ಪದರುಗಳು ಜಾರದಂತೆ ತಡೆಯುತ್ತವೆ, ಬಲ ಏರುತ್ತದೆ. ಸಾಲುಗಳು ಶುದ್ಧವಾಗುತ್ತವೆ, ವಾಹಕತೆಯೂ ಏರುತ್ತದೆ. ಲೋಹಶಾಸ್ತ್ರದಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡುವುದೇ ರೂಢಿ. ಇಲ್ಲಿ ಒಂದಷ್ಟು ದೂರ ಎರಡೂ ಜೊತೆಯಾಗಿ ನಡೆಯುತ್ತವೆ! ಅತಿಯಾಗಿ ಇಟ್ಟರೆ ಕಣಗಳು ದಪ್ಪವಾಗಿ ಬಲ ಇಳಿಯತೊಡಗುತ್ತದೆ, ವಾಹಕತೆ ಮಾತ್ರ ಏರುತ್ತಲೇ ಇರುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದೇ ತಯಾರಕನ ಕಸುಬು. ಕೊನೆಗೆ ಸಿಗುವುದು 52.5ರ ವಾಹಕತೆ, 300 ಮೆಗಾಪಾಸ್ಕಲ್ ದಾಟಿದ ಬಲ. ಸಾದಾ ತಂತಿಯ ಬಲ 160–200.

ಇಲ್ಲೂ ಎರಕ ಬೆನ್ನು ಬಿಡುವುದಿಲ್ಲ. ಬಾರ್ ಸ್ವಲ್ಪ ತಣ್ಣಗಾಗಿ ಮಿಲ್ಲಿಗೆ ಹೊಕ್ಕರೆ ಮೆಗ್ನೀಸಿಯಂ, ಸಿಲಿಕಾನ್ ರೋಲಿಂಗಿನ ನಡುವೆಯೇ ದಪ್ಪ ಕಣಗಳಾಗಿ ಹೊರಬಂದು ಕೆಲಸಕ್ಕೆ ಬಾರದೆ ಹೋಗುತ್ತವೆ. ಕಬ್ಬಿಣ ಹೆಚ್ಚಿದ್ದರೆ ಅದು ಸಿಲಿಕಾನನ್ನು ತನ್ನ ಪಾಲಿಗೆ ಎಳೆದುಕೊಂಡುಬಿಡುತ್ತದೆ. ನೀರಿನಲ್ಲಿ ಅದ್ದಿದ ಕಾಯಿಲನ್ನು ದಿನಗಟ್ಟಲೆ ಶೆಡ್ಡಿನಲ್ಲಿ ಬಿಟ್ಟರೂ ಅದು ಒಳಗೊಳಗೇ ಬದಲಾಗುತ್ತಿರುತ್ತದೆ. ಕಾರವಾರದಿಂದ ಉಳ್ಳಾಲದವರೆಗೆ ಉಪ್ಪುಗಾಳಿಯಲ್ಲಿ ಉಕ್ಕಿನ ಎಳೆಯ ಸತುವಿನ ಲೇಪ ಸವೆದು ತುಕ್ಕು ಹಿಡಿಯುವ ಕಡೆ ಈ ಮಿಶ್ರಲೋಹದ ತಂತಿಯೇ ಸರಿಯಾದ ಆಯ್ಕೆ ಎಂದು ನನ್ನ ದೃಢವಾದ ಅಭಿಪ್ರಾಯ.

ಕಬ್ಬಿಣವನ್ನು ಇಷ್ಟು ಹೊತ್ತು ಬೈದೆ. ಅದಕ್ಕೆ ಒಂದು ಸದ್ಗತಿಯೂ ಇದೆ. 1965ರಿಂದ 1973ರ ನಡುವೆ, ತಾಮ್ರ ದುಬಾರಿಯಾದಾಗ, ಅಮೆರಿಕದಲ್ಲಿ ಲಕ್ಷಾಂತರ ಮನೆಗಳಿಗೆ ಅಲ್ಯೂಮಿನಿಯಂ ವೈರಿಂಗ್ ಮಾಡಿದರು. ಲೈನಿಗೆ ಬಳಸುವ ಶುದ್ಧ ಲೋಹವನ್ನೇ ಗೋಡೆಯೊಳಗೂ ಹಾಕಿದರು. ಸ್ಕ್ರೂ ಒತ್ತಡದಲ್ಲಿ ಆ ಲೋಹ ನಿಧಾನವಾಗಿ ಹರಿದು ಸಡಿಲವಾಯಿತು, ಮೇಲಿನ ಆಕ್ಸೈಡ್ ಪೊರೆ ರೋಧ ಹೆಚ್ಚಿಸಿತು, ಜೋಡಣೆಗಳು ಕಾದವು. 1972ಕ್ಕಿಂತ ಮೊದಲಿನ ಅಲ್ಯೂಮಿನಿಯಂ ತಂತಿಯ ಮನೆಗಳಲ್ಲಿ ಜೋಡಣೆ ಬೆಂಕಿಯ ಅಪಾಯದ ಮಟ್ಟ ಮುಟ್ಟುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳಿದೆ. ಇದಕ್ಕೆ ಲೋಹಶಾಸ್ತ್ರ ಕೊಟ್ಟ ಉತ್ತರ 8000 ಸರಣಿಯ ಅಲ್ಯೂಮಿನಿಯಂ ಮಿಶ್ರಲೋಹ. ಅದರಲ್ಲಿ ಕಬ್ಬಿಣವನ್ನು ಬೇಕೆಂದೇ ಅರ್ಧ ಪ್ರತಿಶತದ ಆಸುಪಾಸಿಗೆ ಏರಿಸಿದರು. ಬೇಗ ತಣಿಸಿ, ಬಿಸಿಯಲ್ಲಿ ರೋಲ್ ಮಾಡಿ, ಕೊನೆಗೆ ಕಾಯಿಸಿ ಮೆದುಗೊಳಿಸಿದಾಗ ಆ ಕಬ್ಬಿಣವೆಲ್ಲ ಸಣ್ಣ ಕಣಗಳಾಗಿ ಹರಡಿ, ಲೋಹ ಹರಿಯದಂತೆ ಹಿಡಿದಿಡುತ್ತದೆ. ವಾಹಕತೆಗೆ ಪೆಟ್ಟು ಅತ್ಯಲ್ಪ. 1987ರಿಂದ ಅಮೆರಿಕದ ವಿದ್ಯುತ್ ಸಂಹಿತೆ ಇದನ್ನು ಕಡ್ಡಾಯ ಮಾಡಿತು. ನಮ್ಮ ಹಳೆಯ ಕಟ್ಟಡಗಳಲ್ಲೂ ಅಲ್ಯೂಮಿನಿಯಂ ವೈರಿಂಗ್ ಇದೆ. ಅಲ್ಲಿನ ಜೋಡಣೆಗಳನ್ನು ತಿಳಿದವರಿಂದ ತಪಾಸಣೆ ಮಾಡಿಸುವುದು ಅಗತ್ಯ.

ಜಿರ್ಕೋನಿಯಂ ಸೇರಿಸಿದ ತಂತಿ ಸಾದಾ ತಂತಿ ತಡೆಯಲಾರದ 150 ಡಿಗ್ರಿಯಲ್ಲಿ ಸತತವಾಗಿ ದುಡಿಯುತ್ತದೆ. ಹಳೆಯ ಟವರ್ ಮೇಲೇ ಹೆಚ್ಚು ಕರೆಂಟು ಹರಿಸಲು ಅದು ದಾರಿ. ಸೂತ್ರ ಅದೇ: ಎರಕದಲ್ಲಿ ಬೇಗ ತಣಿಸಿ ಜಿರ್ಕೋನಿಯಮ್ಮನ್ನು ದ್ರಾವಣದಲ್ಲಿ ಹಿಡಿಯಬೇಕು, ಆಮೇಲೆ 400 ಡಿಗ್ರಿ ಸುಮಾರಿಗೆ ತಾಸುಗಟ್ಟಲೆ ಇಟ್ಟು ಸಣ್ಣ ಕಣಗಳಾಗಿ ಹೊರತರಬೇಕು.

ವಿದ್ಯುತ್ ಕಂಪನಿಗಳ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ತಂತಿ ಕೊಳ್ಳುವಾಗ ನೀವು ದಪ್ಪ, ಬಲ, ರೋಧ ಅಳೆಯುತ್ತೀರಿ. ಅಂಥ ಪರೀಕ್ಷೆಗೆ ಬೆಂಗಳೂರಿನಲ್ಲೇ 1960ರಿಂದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ಆ ಅಳತೆಗಳ ಜೊತೆ ರಾಡಿನ ಹೀಟ್ ನಂಬರ್ (ಅದು ಯಾವ ಕುಲುಮೆ ಎರಕದ್ದೆಂಬ ಗುರುತು), ಬೋರಾನ್ ಹಾಕಿ ಎಷ್ಟು ಹೊತ್ತು ನಿಲ್ಲಿಸಿದರು, ಬಾರ್ ಯಾವ ಬಿಸಿಯಲ್ಲಿ ಮಿಲ್ಲಿಗೆ ಹೋಯಿತು ಎಂಬ ದಾಖಲೆಯನ್ನೂ ಕೇಳಿ. ಒಳ್ಳೆಯ ತಯಾರಕರ ಬಳಿ ಅದು ಇರುತ್ತದೆ. ನೀವು ಕೇಳಿದರೆ ಇಲ್ಲದವರೂ ಇಟ್ಟುಕೊಳ್ಳತೊಡಗುತ್ತಾರೆ.

ಇನ್ನು ಗುಜರಿ. ಕಂಬದಿಂದ ಇಳಿಸಿದ ಹಳೆಯ ತಂತಿ ಮತ್ತೆ ಕುಲುಮೆಗೆ ಹೋಗುವುದು ಬಹಳ ಒಳ್ಳೆಯದು. ಹೊಸ ಅಲ್ಯೂಮಿನಿಯಂಗೆ ಬೇಕಾಗುವ ವಿದ್ಯುತ್ತಿನ ಸಣ್ಣ ಪಾಲು ಸಾಕು. ಆದರೆ ಅಲ್ಯೂಮಿನಿಯಮ್ಮಿನಲ್ಲಿ ಒಮ್ಮೆ ಕರಗಿದ ಕಬ್ಬಿಣವನ್ನು ನಮ್ಮ ಕುಲುಮೆಗಳಲ್ಲಿ ಹೊರತೆಗೆಯಲು ಬರುವುದಿಲ್ಲ. ಬೋರಾನ್ ಅದನ್ನು ಮುಟ್ಟುವುದಿಲ್ಲ. ಉಕ್ಕಿನ ಎಳೆಯ ಚೂರು ಸಮೇತ ಕರಗಿಸಿದ ಗುಜರಿ, ಪ್ರತಿ ಸುತ್ತಿಗೂ ಕಬ್ಬಿಣ ಕೂಡಿಸಿಕೊಳ್ಳುತ್ತ ಹೋಗುತ್ತದೆ. ಮಿಶ್ರಲೋಹದ ತಂತಿಯನ್ನು ಸಾದಾ ತಂತಿಯ ರಾಶಿಗೆ ಸೇರಿಸಿದರೆ ಸಿಲಿಕಾನ್ ಏರುತ್ತದೆ. ಆದ್ದರಿಂದ ಸ್ಟೋರ್ ಯಾರ್ಡಿನಲ್ಲಿ ಹಳೆಯ ತಂತಿಯನ್ನು ಮೂರು ರಾಶಿ ಮಾಡಿ: ಸಾದಾ ಅಲ್ಯೂಮಿನಿಯಂ, ಎ.ಎ.ಎ.ಸಿ. ಮಿಶ್ರಲೋಹ, ಉಕ್ಕು. ಉಕ್ಕಿನ ಎಳೆಯನ್ನು ಪೂರ್ತಿ ಬಿಚ್ಚಿದ ಮೇಲೆಯೇ ರಾಬಿಟ್, ಕೊಯೋಟ್ ಹರಾಜಿಗೆ ಹೋಗಲಿ. ಇದಕ್ಕೆ ಹೊಸ ಯಂತ್ರ ಬೇಡ, ಸ್ಟೋರ್ ಕೀಪರಿಗೆ ಒಂದು ಸುತ್ತೋಲೆ ಸಾಕು.